ಬಾಯಿ ಕಟ್ಟಿದ ಗೋಷ್ಠಿಗಳು

ಸೆಮಿನಾರ್ ಎಂಬ ಶಬ್ದದ ಮೂಲವು ಲ್ಯಾಟಿನ್ ಭಾಷೆಯಲ್ಲಿರುವುದು. ಸಸಿಗಳನ್ನು ಎಬ್ಬಿಸುವ ಪಾತಿ ಎಂಬುದೇ ಅದರ ಮೊದಲ ಅರ್ಥ. ಮೈಸೂರು ಸೀಮೆಯ ರೈತನು ಇದನ್ನು ಒಟ್ಟಲು ಎಂದು ಕರೆಯುವನು. ಬಿತ್ತನೆಯ ಬತ್ತವನ್ನು ಎಕರೆಗಟ್ಟಲೆ ಗದ್ದೆಗೆ ಚೆಲ್ಲಿಬಿಡದೆ, ಮೊದಲು ಒಂದು ಸಣ್ಣ ಮಡಿಯಲ್ಲಿ ಮೊಳೆಯಿಸಿ, ದಿನವೂ ನೀರು ನೋಡಿ, ಪೈರು ಗೇಣುದ್ದವಾದ ಮೇಲೆ ಕಿತ್ತು ನಾಟಿ ಹಾಕುವುದು ಅವನ ಪದ್ಧತಿ. ಒಟ್ಟಲಿನ ಮಹಿಮೆಯೆಲ್ಲ ಅದರ ಸಣ್ಣತನದಲ್ಲಿ ಅಡಗಿದೆಯೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿದ್ಯಾಕ್ಷೇತ್ರದಲ್ಲಿ ಈ ಹೆಸರು ಪ್ರಸಿದ್ಧಿಗೆ ಬಂದುದೂ ಇದೇ ಗುಣದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್ ನಗರದ ಇತಿಹಾಸಕಾರ ರಾಂಕೆ ಎಂಬಾತನು ಆಯ್ದ ಕೆಲವು ಶಿಷ್ಯರನ್ನು ಹತ್ತಿರ ಕೂರಿಸಿಕೊಂಡು, ಹಳೆಯ ದಾಖಲೆಗಳನ್ನು ಮುಂದಿಟ್ಟು, ಅವರು ಬರೆದು ತಂದುದನ್ನು ಅವರ ಎದುರಿಗೇ ಒರೆಗೆ ಹಚ್ಚುತ್ತಿದ್ದನು. ಉಪನ್ಯಾಸಕ್ಕೆ ಎಷ್ಟು ಜನರಾದರೂ ಸರಿ, ಸೆಮಿನಾರಿಗೆ ಬೆರಳೆಣಿಕೆಯ ಜನ ಎಂಬ ಭೇದವು ಅಂಥ ಕೂಟಗಳಿಂದಲೇ ರೂಢಿಗೆ ಬಂದಿತು.

ಈ ಭೇದವು ಮೈಸೂರು ನಗರದಲ್ಲಿ ಈಚೆಗೆ ಅಳಿಸಿಹೋಗುತ್ತಿರುವುದು. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಇಲ್ಲಿನ ಅಧ್ಯಾಪಕರು ಮನೆಯಲ್ಲಿಯೇ ಕುಳಿತು ಮೊಬೈಲು ಲ್ಯಾಪ್‌ಟಾಪುಗಳ ಮೂಲಕ ಗೋಷ್ಠಿಗಳನ್ನು ಕೂಡಿಸಿದುದು ನಿಜವಾಗಿಯೂ ಶ್ಲಾಘ್ಯವಾದ ಕಾರ್ಯ. ಅದು ಆಪದ್ಧರ್ಮ, ಆಪದ್ಧರ್ಮದಲ್ಲಿ ಕಂಡುಬರುವ ಲೋಪಗಳು ಕ್ಷಮ್ಯ. ಆದರೆ ಆಪತ್ತು ಕಳೆದು ವರ್ಷಗಳಾದ ಮೇಲೂ ಅದೇ ಲೋಪಗಳು ನಿಯಮಗಳಾಗಿ ನಿಂತುಬಿಟ್ಟಿವೆ. ಜಾಲಗೋಷ್ಠಿ, ವೆಬಿನಾರ್, ಆನ್‌ಲೈನ್ ವಿಚಾರ ಸಂಕಿರಣ ಎಂಬ ಹೆಸರುಗಳಿಂದ ನಡೆಯುವ ಸಭೆಗಳಲ್ಲಿ ಒಬ್ಬರು ಮಾತನಾಡುವರು. ಉಳಿದವರ ಬಾಯಿಯನ್ನು ಯಂತ್ರದ ಒಂದು ಗುಂಡಿಯಿಂದ ಕಟ್ಟಿರಲಾಗುವುದು. ಹೀಗೆ ಕಟ್ಟುವುದೇ ಸಭಾಮರ್ಯಾದೆಯೆಂದು ತಿಳಿಯುವ ಮಟ್ಟಿಗೆ ಅಭ್ಯಾಸವು ಬೆಳೆದಿದೆ. ಶಿಕ್ಷಣ ಶಾಸ್ತ್ರದ ಮೇಲೆಯೇ ನಡೆಯುವ ಗೋಷ್ಠಿಗಳೂ ಹೀಗಿರುವುದು ವಿಚಿತ್ರಕ್ಕಿಂತ ವಿಚಿತ್ರ. ಮಕ್ಕಳನ್ನು ಪ್ರಶ್ನೆ ಕೇಳುವಂತೆ ಹೇಗೆ ಪ್ರೋತ್ಸಾಹಿಸಬೇಕೆಂಬ ವಿಷಯವನ್ನು ಕುರಿತು, ಒಂದು ಪ್ರಶ್ನೆಯನ್ನೂ ಕೇಳಲಾಗದ 500 ಮಂದಿ ಉಪಾಧ್ಯಾಯರಿಗೆ ಎರಡು ಗಂಟೆ ಉಪದೇಶ ನಡೆಯುವುದು.

ಇಂಥ ಗೋಷ್ಠಿಯ ಗತಿಯನ್ನು ಗಡಿಯಾರ ಹಿಡಿದೇ ನೋಡಬಹುದು. ಆಹ್ವಾನಪತ್ರಿಕೆಯ ಪ್ರಕಾರ 11 ಗಂಟೆಗೆ ಪ್ರಾರಂಭ. ಮೊದಲ ಹತ್ತು ನಿಮಿಷಗಳು “ನನ್ನ ಧ್ವನಿ ಕೇಳಿಸುತ್ತಿದೆಯೇ?” ಎಂಬ ವಿಚಾರಣೆಯಲ್ಲಿ ಕಳೆಯುವುವು. ಬಳಿಕ ಪ್ರಾರ್ಥನೆ, ಮುಂಚೆಯೇ ಮುದ್ರಿಸಿಟ್ಟ ಹಾಡು ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಹೊರಡುವುದು. ಪರದೆಯ ಮೇಲೆ ಚಿತ್ರದ ದೀಪವೊಂದನ್ನು ಬೆಳಗಿ ಉದ್ಘಾಟನೆ. ಸ್ವಾಗತ ಭಾಷಣದಲ್ಲಿ ಸಂಸ್ಥೆಯ ಚರಿತ್ರೆ. ಅತಿಥಿಗಳ ಪರಿಚಯದಲ್ಲಿ ಅವರ ಪದವಿಗಳು, ಪ್ರಕಟವಾದ ಪ್ರಬಂಧಗಳ ಸಂಖ್ಯೆ, ಅವರ ಮಾರ್ಗದರ್ಶನದಲ್ಲಿ ಪದವಿ ಪಡೆದವರ ಸಂಖ್ಯೆ, ನೋಡಿಬಂದ ದೇಶಗಳ ಸಂಖ್ಯೆ. ಅಧ್ಯಕ್ಷರು ತಂತ್ರಜ್ಞಾನದ ಮಹತ್ವವನ್ನು ಕುರಿತು ನಾಲ್ಕು ಮಾತು ಹೇಳುವುದಾಗಿ ಹೊರಟು ನಾನೂರು ಹೇಳುವರು. ಇಷ್ಟು ಮುಗಿಯುವ ವೇಳೆಗೆ ಮುಕ್ಕಾಲು ಗಂಟೆ ಸಂದಿರುವುದು. ಆಮೇಲೆ ಉಪನ್ಯಾಸ, ಎಂದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿರುವ ಸಾಲುಗಳನ್ನು, ಓದಬಲ್ಲ ಸಭಿಕರಿಗೇ ಮತ್ತೊಮ್ಮೆ ಓದಿ ಹೇಳುವ ಕ್ರಿಯೆ. 12 ಗಂಟೆ 45 ನಿಮಿಷಕ್ಕೆ ನಿರೂಪಕರು ಕಾಣಿಸಿಕೊಂಡು, ಸಮಯದ ಅಭಾವದಿಂದ ಒಂದೆರಡು ಪ್ರಶ್ನೆಗಳಿಗೆ ಮಾತ್ರ ಅವಕಾಶವೆಂದು ವಿಷಾದದಿಂದ ತಿಳಿಸುವರು. ಆ ಒಂದೆರಡರಲ್ಲಿ ಒಂದು ಪ್ರಶ್ನೆಯೇ ಅಲ್ಲ, ಉಪನ್ಯಾಸಕರ ಸಹೋದ್ಯೋಗಿಯೊಬ್ಬರ ಪ್ರಶಂಸೆ. ಇತ್ತ ಬರೆಹದ ಅಂಕಣದಲ್ಲಿ “ನಮಸ್ಕಾರ ಸರ್” ಎಂಬ ನೂರಾರು ಸಾಲುಗಳ ನಡುವೆ, ಯಾವುದೋ ತಾಲ್ಲೂಕಿನ ಉಪಾಧ್ಯಾಯಿನಿಯೊಬ್ಬಳು ಕಳುಹಿಸಿದ ನಿಜವಾದ ಸಂದೇಹವೊಂದು ಮೇಲಕ್ಕೆ ಜಾರಿ ಕಣ್ಮರೆಯಾಗಿರುವುದು. ಕೊನೆಗೆ ವಂದನಾರ್ಪಣೆ. ಅಭಿಪ್ರಾಯ ತುಂಬುವ ಲಿಂಕು ಬಂದ ಒಂದು ನಿಮಿಷದೊಳಗೆ ಸಭೆ ಮುಕ್ಕಾಲು ಪಾಲು ಬರಿದಾಗುವುದು.

ಇದರಲ್ಲಿ ನಗುವಂಥದು ಎಷ್ಟಿದೆಯೋ ಅಷ್ಟೇ ಅಳುವಂಥದೂ ಇದೆ. ಪ್ರಶ್ನೆಗೆಂದು ಉಳಿದುದು 15 ನಿಮಿಷ, ಎಂದರೆ 900 ಸೆಕೆಂಡು. ಅದನ್ನು 500 ಮಂದಿಗೆ ಹಂಚಿದರೆ ಒಬ್ಬರ ಪಾಲಿಗೆ ಎರಡು ಸೆಕೆಂಡೂ ಬಾರದು. “ಸ್ವಾಮಿ, ಒಂದು ಸಂದೇಹ” ಎನ್ನುವಷ್ಟರಲ್ಲಿ ಆ ಪಾಲು ತೀರಿರುವುದು. ಸಭಿಕರ ಸಂಖ್ಯೆಯನ್ನು 500 ಎಂದು ಗೊತ್ತುಮಾಡಿದ ಗಳಿಗೆಯಲ್ಲೇ, ಯಾರೂ ಏನನ್ನೂ ಕೇಳಕೂಡದೆಂಬ ತೀರ್ಮಾನವೂ ಆಗಿಹೋಯಿತು. ಇದು ಸಮಯದ ಅಭಾವವಲ್ಲ, ಯೋಜನೆಯ ಫಲ. ಯಂತ್ರದ ಮೇಲೆ ದೋಷ ಹೊರಿಸುವುದಕ್ಕೂ ಎಡೆಯಿಲ್ಲ. ಬಹು ಬಳಕೆಯಲ್ಲಿರುವ ಝೂಮ್ ಎಂಬ ಸಾಧನದಲ್ಲಿ ಮೀಟಿಂಗ್ ಎಂದೂ ವೆಬಿನಾರ್ ಎಂದೂ ಎರಡು ಬೇರೆ ಬೇರೆ ವಿಧಾನಗಳುಂಟು. ಮೊದಲನೆಯದರಲ್ಲಿ ಬಂದವರೆಲ್ಲರೂ ಮುಖ ತೋರಿಸಿ ಮಾತನಾಡಬಹುದು, ಕೈಯೆತ್ತಬಹುದು, ನಾಲ್ಕಾರು ಜನರ ಸಣ್ಣ ಕೊಠಡಿಗಳಾಗಿ ಒಡೆದು ಚರ್ಚಿಸಿ ಮತ್ತೆ ಕೂಡಬಹುದು. ಎರಡನೆಯದರಲ್ಲಿ ಕಾರ್ಯಕರ್ತರು ತೆರೆದಲ್ಲದೆ ಸಭಿಕನಿಗೆ ಬಾಯಿಯೂ ಇಲ್ಲ, ಮುಖವೂ ಇಲ್ಲ. ಎರಡೂ ಕೈಗೆಟಕುವಂತಿರಲು ಎರಡನೆಯದನ್ನೇ ಆರಿಸಿಕೊಂಡು, ಅದನ್ನೇ ವಿಚಾರ ಸಂಕಿರಣವೆಂದು ಪತ್ರಿಕೆಯಲ್ಲಿ ಅಚ್ಚುಹಾಕಿಸುವವರು ಯಂತ್ರವನ್ನು ದೂರುವುದೆಂತು?

ಹೀಗೇಕಾಯಿತೆಂದು ವಿಚಾರಿಸಿದರೆ ಪ್ರಮಾಣಪತ್ರವೆಂಬ ಕಾಗದದ ಬಳಿಗೆ ಬರಬೇಕಾಗುವುದು; ಈಗ ಅದು ಕಾಗದವೂ ಅಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರ ಜುಲೈಯಲ್ಲಿ ಹೊರಡಿಸಿದ ನಿಯಮಾವಳಿಯ ಒಂದು ಪಟ್ಟಿಯಲ್ಲಿ, ಸಂಕಿರಣಗಳಿಗೆ ಆಹ್ವಾನಿತರಾಗಿ ಉಪನ್ಯಾಸ ಕೊಟ್ಟವರಿಗೂ ಪ್ರಬಂಧ ಮಂಡಿಸಿದವರಿಗೂ ಅಂಕಗಳನ್ನು ಗೊತ್ತುಮಾಡಿತು: ವಿದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸಂಕಿರಣಕ್ಕೆ 7, ದೇಶದೊಳಗೆ ನಡೆದ ಅಂತರರಾಷ್ಟ್ರೀಯ ಸಂಕಿರಣಕ್ಕೆ 5, ರಾಷ್ಟ್ರೀಯಕ್ಕೆ 3, ರಾಜ್ಯ ಅಥವಾ ವಿಶ್ವವಿದ್ಯಾನಿಲಯ ಮಟ್ಟದ್ದಕ್ಕೆ 2. ಮೂರು ಐದಾಗುವುದಾದರೆ ಸಂಕಿರಣವು ಅಂತರರಾಷ್ಟ್ರೀಯವಾಗಲು ತಡವೇನು? ಪರದೇಶದಲ್ಲಿ ನೆಲೆಸಿರುವ ಕನ್ನಡಿಗ ಮಿತ್ರರೊಬ್ಬರು ತಮ್ಮ ಮನೆಯ ಊಟದ ಕೋಣೆಯಿಂದ ಅರ್ಧ ಗಂಟೆ ಮಾತನಾಡಿದರೆ ಆಯಿತು. ಬರಿದೆ ಕೇಳಿದವನಿಗೆ ಈ ಪಟ್ಟಿಯಲ್ಲಿ ಅಂಕವೇ ಇಲ್ಲ. ಆದರೂ ಕಡತ ದಪ್ಪವಾಗಿದ್ದರೆ ಎಂದಾದರೊಂದು ದಿನ ಉಪಯೋಗಕ್ಕೆ ಬಂದೀತೆಂಬ ಆಸೆಯಿಂದ ಅವನೂ ಹೆಸರು ಕೊಡುವನು. ಕರೆದವರಿಗೆ ವರದಿಯಲ್ಲಿ ಬರೆಯಲು ದೊಡ್ಡ ಸಂಖ್ಯೆ ದೊರೆಯಿತು, ಬಂದವನಿಗೆ ಪ್ರಮಾಣಪತ್ರ ದೊರೆಯಿತು. ಕಲಿತುದೇನೆಂಬ ಪ್ರಶ್ನೆಯನ್ನು ಕೇಳಲು ಇಬ್ಬರಿಗೂ ಮನಸ್ಸಿಲ್ಲ, ಕೇಳಬೇಕಾದ ಅಗತ್ಯವೂ ಇಲ್ಲ. ಅಭಿಪ್ರಾಯದ ನಮೂನೆಯನ್ನು ತುಂಬಿದವರಿಗೆಲ್ಲ ಹಾಜರಾತಿಯ ಪತ್ರ ಕೊಡುವ ಪದ್ಧತಿಯಿಂದ, ಲಿಂಕನ್ನು ಗೆಳೆಯರಿಗೆ ರವಾನಿಸಿ, ಗೋಷ್ಠಿಗೆ ಬಾರದೆಯೇ ಪತ್ರ ಪಡೆಯುವ ಜಾಣ್ಮೆಯೂ ಹುಟ್ಟಿಕೊಂಡಿದೆ. ಸುಳ್ಳು ಹಾಜರಿಗಾಗಿ ವಿದ್ಯಾರ್ಥಿಯನ್ನು ದಂಡಿಸುವ ಗುರುಗಳೇ ಇದನ್ನು ಮಾಡುತ್ತಿರಲು ವಿದ್ಯಾರ್ಥಿಯು ಏನನ್ನು ಕಲಿಯುವನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಊರಿನಲ್ಲಿ ಹೀಗೆ ನಡೆದಿದ್ದರೆ ಅರಿಯದೆ ಮಾಡಿದರೆನ್ನಬಹುದಿತ್ತು. ದೂರದಿಂದ ವಿದ್ಯೆ ಹೇಳುವ ಕಲೆಯಲ್ಲಿ ಮೈಸೂರಿಗೆ ಇರುವಷ್ಟು ಹಳೆಯ ಅನುಭವ ಕನ್ನಡ ನಾಡಿನ ಬೇರೆ ಊರಿಗಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ‘ವಿಠ್ಠಲ ವಿಹಾರ’ ಎಂಬ ಮನೆಯಲ್ಲಿಯೇ 30 ವಾಟಿನ ಒಂದು ಸಣ್ಣ ಯಂತ್ರವನ್ನಿಟ್ಟು ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಆ ಮನೆಯ ನಿಲಯದಿಂದಲೇ ಹೊರಟು, ಸ್ವಾತಂತ್ರ್ಯಾನಂತರ ಅಖಿಲ ಭಾರತಕ್ಕೂ ಸಂದಿತು. ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಜನಸಾಮಾನ್ಯರಿಗೆ ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ತಿಳಿಸಿ, ಆ ಉಪನ್ಯಾಸಗಳನ್ನು ಸಣ್ಣ ಪುಸ್ತಕಗಳಾಗಿ ಅಚ್ಚುಹಾಕಿಸಿದ ಪ್ರಚಾರೋಪನ್ಯಾಸಗಳ ಪದ್ಧತಿಯೂ ಇಲ್ಲಿಯದೇ. 1969ರಲ್ಲಿ ಅದೇ ವಿಶ್ವವಿದ್ಯಾನಿಲಯವು ಅಂಚೆ ತೆರಪಿನ ಶಿಕ್ಷಣವನ್ನು ತೆರೆಯಿತು. ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾದುದೂ ಆ ವರ್ಷವೇ. 1996ರಲ್ಲಿ ಅಂಚೆ ತೆರಪಿನ ಶಿಕ್ಷಣವೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆದು ಮುಕ್ತಗಂಗೋತ್ರಿಯಲ್ಲಿ ನೆಲೆಗೊಂಡಿತು. ಗುಮಾಸ್ತರು, ಕಂಡಕ್ಟರುಗಳು, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳು ಎಷ್ಟೋ ಮಂದಿ ಈ ದಾರಿಯಿಂದ ಪದವೀಧರರಾದರು.

ಇವುಗಳಲ್ಲಿ ಒಂದೊಂದೂ ತನ್ನ ಯೋಗ್ಯತೆಯನ್ನು ತಿಳಿದಿದ್ದಿತು. ಬಾನುಲಿಯ ಭಾಷಣವು ತಾನು ಭಾಷಣವೆಂದೇ ಹೇಳಿಕೊಂಡಿತು. ಕೇಳುಗನನ್ನು ಮಾತಿಗೆ ಕರೆದು ಬಾಯಿ ಕಟ್ಟಲಿಲ್ಲ. ಅಂಚೆಯ ಪಾಠವು ತನ್ನ ಕೊರತೆಯನ್ನು ಒಪ್ಪಿಕೊಂಡು, ಅದನ್ನು ತುಂಬಲೆಂದೇ ಸಂಪರ್ಕ ತರಗತಿಗಳನ್ನು ಏರ್ಪಡಿಸಿತು. ಬಸ್ಸು ಹತ್ತಿ ಬಂದ ವಿದ್ಯಾರ್ಥಿಯು ಪಾಠ ಕೇಳಿದ್ದಕ್ಕಿಂತ, ವರ್ಷವೆಲ್ಲ ಕೂಡಿಹಾಕಿದ ಸಂದೇಹಗಳನ್ನು ಅಧ್ಯಾಪಕರ ಹಿಂದೆಯೇ ನಡೆಯುತ್ತ ಕೇಳಿದುದೇ ಹೆಚ್ಚು. ಆ ಸಂಪರ್ಕ ತರಗತಿಯ ಸ್ಥಾನಕ್ಕೆ ಈ ಬಾಯಿಲ್ಲದ ಗೋಷ್ಠಿಯು ಬಂದು ಕೂರುವುದಾದರೆ ನಷ್ಟ ಯಾರಿಗೆ? ನಗರದಲ್ಲಿ ಕಾಲೇಜಿಗೆ ಹೋಗುವ ಹುಡುಗನಿಗಲ್ಲ. ಅವನು ಜಗಲಿಯಲ್ಲೋ ಕ್ಯಾಂಟೀನಿನಲ್ಲೋ ಗುರುಗಳನ್ನು ಹಿಡಿದು ಕೇಳಬಲ್ಲನು. ವಿದ್ಯೆಗೆ ಇದೊಂದೇ ಬಾಗಿಲಾಗಿರುವವರಿಗೆ ಆ ನಷ್ಟ. ದೂರ ಶಿಕ್ಷಣದ ಹೆಸರು ಎಷ್ಟು ಬೇಗ ಕೆಡಬಲ್ಲದೆಂಬುದನ್ನೂ ಮೈಸೂರು ಕಂಡಿದೆ. 2015ರಲ್ಲಿ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆ ತಪ್ಪಿ, 2018ರಲ್ಲಿ ಅದು ಮತ್ತೆ ದೊರೆಯುವವರೆಗೆ ವಿದ್ಯಾರ್ಥಿಗಳು ಪಟ್ಟ ಪಾಡು ಇಲ್ಲಿನ ಮನೆಮನೆಗೂ ಗೊತ್ತಿರುವುದೇ. ಆ ಮಾನ್ಯತೆಯನ್ನು ಆಯೋಗವು ಕೊಡಬಲ್ಲದು, ತೆಗೆಯಬಲ್ಲದು. ಜನರ ಮನಸ್ಸಿನಲ್ಲಿರುವ ಮಾನ್ಯತೆ ಹೋದರೆ ಅದನ್ನು ಹಿಂದಿರುಗಿಸುವ ಆಯೋಗ ಯಾವುದೂ ಇಲ್ಲ.

ಪರಸ್ಪರ ಸಂವಾದವೆಂಬುದು ಹೊಸ ಯಂತ್ರಗಳು ತಂದ ವರವೆಂಬ ಭ್ರಾಂತಿಯೂ ಒಂದುಂಟು. 1956ರಲ್ಲಿ ಪುಣೆಯ ಆಕಾಶವಾಣಿ ಕೇಂದ್ರವು ಸುತ್ತಲಿನ ಜಿಲ್ಲೆಗಳ 150 ಹಳ್ಳಿಗಳಲ್ಲಿ ರೈತರ ಕೂಟಗಳನ್ನು ಏರ್ಪಡಿಸಿತು. ವಾರಕ್ಕೆ ಎರಡು ಸಲ ಅರ್ಧ ಗಂಟೆಯ ಪ್ರಸಾರ; ಹತ್ತಿಪ್ಪತ್ತು ಜನ ಒಂದೆಡೆ ಕುಳಿತು ಕೇಳುವರು; ಮುಗಿದ ಮೇಲೆ ಅಲ್ಲಿಯೇ ಚರ್ಚಿಸುವರು; ತೀರದ ಸಂದೇಹಗಳನ್ನು ಬರೆದು ಕಳುಹಿಸುವರು; ಮುಂದಿನ ಪ್ರಸಾರಗಳಲ್ಲಿ ಅವಕ್ಕೆ ಉತ್ತರ ಬರುವುದು. ರೇಡಿಯೋ ಪೆಟ್ಟಿಗೆಗೆ ಕಿವಿಯಿಲ್ಲ. ಆದರೂ ಆ ಯೋಜನೆಗೆ ಕಿವಿಯಿದ್ದಿತು. ಇದಕ್ಕೆ ಎದುರಾಗಿ, 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವನ್ನು ಎರವಲು ಪಡೆದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿದ ಮಹಾಸಾಹಸವು ನಡೆಯಿತು. ಯಂತ್ರ ಆಕಾಶದಷ್ಟು ಎತ್ತರದ್ದು. ಮಾತು ಮಾತ್ರ ಮೇಲಿನಿಂದ ಕೆಳಕ್ಕೆ ಇಳಿಯಿತೇ ಹೊರತು ಹಳ್ಳಿಯವನ ಮಾತು ಮೇಲಕ್ಕೇರಲಿಲ್ಲ. ಆ ಪಾಠವನ್ನು ಕಲಿತುದರ ಗುರುತಾಗಿ 1996ರ ಜನವರಿಯಲ್ಲಿ ಕರ್ನಾಟಕದ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರಿಗೆ ಉಪಗ್ರಹದ ಮೂಲಕ ತರಬೇತಿ ಕೊಟ್ಟಾಗ, ಚಿತ್ರವು ಒಂದೇ ದಿಕ್ಕಿಗೆ ಹರಿದರೂ ಮಾತು ಎರಡು ದಿಕ್ಕಿಗೂ ಹರಿಯುವಂತೆ ವ್ಯವಸ್ಥೆ ಮಾಡಿದ್ದರು. ಜಿಲ್ಲೆಗಳ ಕೇಂದ್ರಗಳಲ್ಲಿ ಕುಳಿತ ಉಪಾಧ್ಯಾಯರು ದೂರವಾಣಿಯಲ್ಲಿ ಪ್ರಶ್ನೆ ಕೇಳಿದರು. ಇಷ್ಟೆಲ್ಲ ಆದ ಮೇಲೆ, ಪ್ರತಿಯೊಬ್ಬರ ಅಂಗೈಯಲ್ಲಿಯೂ ಕಿವಿ, ಬಾಯಿ, ಕಣ್ಣು ಮೂರೂ ಉಳ್ಳ ಯಂತ್ರವಿರುವ ಕಾಲದಲ್ಲಿ ಗೋಷ್ಠಿಗಳು 1975ಕ್ಕೆ ಹಿಂದಿರುಗಿರುವುವು.

ಹಳೆಯ ಸಂಪ್ರದಾಯದಲ್ಲಿ ಇದಕ್ಕಿಂತ ಬಿಗಿಯಾದ ಯೋಜನೆಯಿದ್ದಿತು. ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಜಿಜ್ಞಾಸುಗಳು ಸಮಿತ್ತುಗಳನ್ನು ಹಿಡಿದು ಪಿಪ್ಪಲಾದನ ಬಳಿಗೆ ಬರುವರು. ಋಷಿಯು ಒಡನೆಯೇ ಪ್ರವಚನಕ್ಕೆ ತೊಡಗುವುದಿಲ್ಲ. ಒಂದು ವರ್ಷ ಇಲ್ಲಿರಿ, ಆಮೇಲೆ ಬೇಕಾದುದನ್ನು ಕೇಳಿ, ತಿಳಿದಿದ್ದರೆ ಎಲ್ಲವನ್ನೂ ಹೇಳುವೆವು ಎಂಬುದು ಅವನ ಉತ್ತರದ ಸಾರ. ಸಭಿಕರು ಆರು, ಪ್ರಶ್ನೆಗಳೂ ಆರು. ಸಿದ್ಧತೆಗೆ ಒಂದು ವರ್ಷ. ತಿಳಿದಿದ್ದರೆ ಎಂಬ ಆ ಒಂದು ಮಾತನ್ನು ಆನ್‌ಲೈನ್ ಸಂಪನ್ಮೂಲ ವ್ಯಕ್ತಿಗಳ ಬಾಯಿಂದ ಕೇಳುವುದು ಎಷ್ಟು ಅಪರೂಪ! ಶೃಂಗೇರಿಯಲ್ಲಿ ಗಣೇಶ ಚತುರ್ಥಿಯ ಕಾಲಕ್ಕೆ ಕೂಡುವ ವಾಕ್ಯಾರ್ಥ ಸಭೆಯಲ್ಲಾಗಲಿ, ಮೈಸೂರಿನ ಸಂಸ್ಕೃತ ಪಾಠಶಾಲೆಯ ಪಂಡಿತರ ಪರಿಪಾಠದಲ್ಲಾಗಲಿ, ಪೂರ್ವಪಕ್ಷವಿಲ್ಲದೆ ಸಿದ್ಧಾಂತವಿಲ್ಲ. ಎದುರು ಹೇಳುವವನೊಬ್ಬನಿರಲೇಬೇಕು, ಇಲ್ಲದಿದ್ದರೆ ಹೇಳುವವನೇ ಅವನ ಪಾತ್ರವನ್ನೂ ವಹಿಸಿಕೊಂಡು ತನ್ನ ಮೇಲೆ ತಾನೇ ಆಕ್ಷೇಪಣೆ ಎತ್ತಬೇಕು. ಹಳೆಯದನ್ನೆಲ್ಲ ಹೊಗಳುವುದು ಇಲ್ಲಿನ ಉದ್ದೇಶವಲ್ಲ. ಆ ಸಭೆಗಳಲ್ಲಿ ಯಾರು ಕೂರಬಹುದು, ಯಾರು ಕೂರಬಾರದು ಎಂಬ ಕಟ್ಟು ಇದ್ದುದು ನ್ಯಾಯವಾದುದಲ್ಲ. ಹೊಸ ಯಂತ್ರವು ಆ ಕಟ್ಟನ್ನು ಒಡೆದು ಎಲ್ಲರಿಗೂ ಬಾಗಿಲು ತೆರೆದುದು ದೊಡ್ಡ ಉಪಕಾರ. ಬಾಗಿಲು ತೆರೆದು ಒಳಕ್ಕೆ ಕರೆದು ಬಾಯಿಗೆ ಬೀಗ ಹಾಕಿದರೆ ಆ ಉಪಕಾರ ಅರ್ಧವಾಯಿತು.

ಭಾಷೆಯ ಮಾತನ್ನು ಬೇರೆಯಾಗಿಯೇ ಎತ್ತಬೇಕು. ಕನ್ನಡ ಶಾಲೆಗಳಲ್ಲಿ ಕನ್ನಡ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳುವವರನ್ನು ಕರೆದು, ಬೋಧನ ಕ್ರಮವನ್ನು ಕುರಿತು ಇಂಗ್ಲಿಷಿನಲ್ಲಿ ಉಪನ್ಯಾಸ ಮಾಡಿಸುವುದು ಮೈಸೂರಿನ ಗೋಷ್ಠಿಗಳಲ್ಲಿ ಸಾಮಾನ್ಯವಾಗಿಹೋಗಿದೆ. ಕೇಳುವಾಗ ಅರ್ಥವಾಗುವುದು ಒಂದು, ಅದೇ ಭಾಷೆಯಲ್ಲಿ ನೂರಾರು ಅಪರಿಚಿತರ ಮುಂದೆ ಪ್ರಶ್ನೆ ಕೇಳುವುದು ಇನ್ನೊಂದು. ಇಂಗ್ಲಿಷ್ ಉಪನ್ಯಾಸದ ಕೊನೆಯಲ್ಲಿ “ಏನಾದರೂ ಪ್ರಶ್ನೆಗಳಿವೆಯೇ?” ಎಂದಾಗ ಉಂಟಾಗುವ ಮೌನಕ್ಕೆ ತೃಪ್ತಿಯೇ ಕಾರಣವೆಂದು ಉಪನ್ಯಾಸಕರು ಭಾವಿಸುವರು, ನಾಚಿಕೆಯೇ ಅದರ ಕಾರಣ. ಅಂತರರಾಷ್ಟ್ರೀಯವೆಂಬ ಬಿರುದನ್ನು ಉಳಿಸಿಕೊಳ್ಳಲು ಕನ್ನಡವನ್ನು ಬಿಡಬೇಕಾಗುವುದೆಂಬುದು ಒಳಗಿನ ನಿಜವಾದ ಕಾರಣವೆಂದು ತೋರುತ್ತದೆ. ಕುವೆಂಪು ಅವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ವಿಶ್ವವಿದ್ಯಾನಿಲಯದ ಊರಿನಲ್ಲಿ ಈ ವಾದವನ್ನು ಮತ್ತೆ ಮೊದಲಿನಿಂದ ಹೂಡಬೇಕಾಗಿ ಬಂದಿರುವುದು ಸೋಜಿಗ. ಯಂತ್ರಗಳಲ್ಲಿ ಕನ್ನಡ ಅಕ್ಷರಗಳು ಮೂಡುವುದಿಲ್ಲವೆಂಬ ನೆವ ಎಂದೋ ಮುಗಿದುಹೋಯಿತು. ಯೂನಿಕೋಡಿನಲ್ಲಿ ಕನ್ನಡ ಲಿಪಿಗೆ 1991ರಿಂದಲೂ ಸ್ಥಾನವುಂಟು, ಅಂಗಡಿಯ ಹುಡುಗನೂ ಮೊಬೈಲಿನಲ್ಲಿ ಕನ್ನಡ ಬರೆಯುವನು.

ಇನ್ನು ಗೋಷ್ಠಿಯನ್ನು ಯೋಜಿಸುವವರು ಸಭಿಕನ ಮನೆಯನ್ನು ಕಣ್ಣಮುಂದೆ ತಂದುಕೊಳ್ಳುವುದೇ ಇಲ್ಲ. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಓದುತ್ತಿರುವ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಬಹುದು. 11 ಗಂಟೆ ಎಂದರೆ ಒಲೆಯ ಮೇಲೆ ಕುಕ್ಕರ್ ಕೂಗುವ ಹೊತ್ತು. ಮೊಬೈಲನ್ನು ಸಾಂಬಾರಪುಡಿಯ ಡಬ್ಬಿಗೆ ಆನಿಸಿ ಇಟ್ಟು ಆಕೆ ಕೇಳುವಳು. ಮೈಕು ಮುಚ್ಚಿರುವುದು ಆ ಹೊತ್ತಿನಲ್ಲಿ ಆಕೆಗೆ ಉಪಕಾರವೇ. ಮನೆಯ ಗದ್ದಲ ಸಭೆಗೆ ಕೇಳಬಾರದು. ಆದರೆ ಆಕೆಯ ಸಂದೇಹವನ್ನು ಹಿಂದಿನ ದಿನವೇ ಬರೆದು ಕಳುಹಿಸಲು ದಾರಿಯಿದ್ದಿದ್ದರೆ, ಅದನ್ನು ಓದಿ ಹೆಸರು ಹೇಳಿ ಉತ್ತರ ಕೊಟ್ಟಿದ್ದರೆ, ಆಕೆ ಒಲೆ ಆರಿಸಿ ಬಂದು ಕೂರುತ್ತಿದ್ದಳು. ಹೆಗ್ಗಡದೇವನ ಕೋಟೆಯ ಕಾಡಂಚಿನ ಶಾಲೆಯ ಉಪಾಧ್ಯಾಯನಿಗೆ ತೊಂದರೆ ಬೇರೆ ರೀತಿಯದು. ಅಲ್ಲಿ ಚಿತ್ರ ನಿಲ್ಲುವುದಿಲ್ಲ, ಮಾತು ಮಾತ್ರ ಬಂದೀತು. ಮಾತಿಗೆ ಬೇಕಾದ ಜಾಲಶಕ್ತಿಯು ಚಿತ್ರಕ್ಕೆ ಬೇಕಾದುದರ ಅತ್ಯಲ್ಪ ಭಾಗವೆಂದು ತಿಳಿದವರೆಲ್ಲ ಬಲ್ಲರು. ಆದರೂ ಎಲ್ಲರೂ ಮುಖ ತೋರಿಸಬೇಕೆಂದು ಮೊದಲಲ್ಲಿ ಆಜ್ಞೆಮಾಡಿ, ಆಮೇಲೆ ಗುಂಪು ಚಿತ್ರ ತೆಗೆಯುವ ಸಂಭ್ರಮದಲ್ಲಿ ಅವನ ಸಂಪರ್ಕ ಕಡಿದುಹೋಗುವುದು. 2020ರಲ್ಲಿ ಚಿಕ್ಕ ತರಗತಿಗಳ ಆನ್‌ಲೈನ್ ಪಾಠವನ್ನು ಸರ್ಕಾರವು ಜೂನ್ ತಿಂಗಳಲ್ಲಿ ನಿಷೇಧಿಸಿ, ಹೈಕೋರ್ಟು ಜುಲೈಯಲ್ಲಿ ಅದಕ್ಕೆ ತಡೆ ಕೊಟ್ಟು, ಮಗುವು ಎಷ್ಟು ನಿಮಿಷ ಪರದೆಯ ಮುಂದೆ ಕೂರಬಹುದೆಂದು ಕೇಂದ್ರ ಸರ್ಕಾರವು ಲೆಕ್ಕ ಹಾಕಿದುದು ವಾಚಕರಿಗೆ ನೆನಪಿರಬಹುದು. ನಿಮಿಷಗಳ ಲೆಕ್ಕವಾಯಿತು. ಆ ನಿಮಿಷಗಳಲ್ಲಿ ಮಗುವು ಎಷ್ಟು ಮಾತನಾಡಿತೆಂಬ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಗೋಷ್ಠಿ ಹೇಗಿರತಕ್ಕದ್ದು? ಮೊದಲನೆಯದಾಗಿ ಅದು ವಿಷಯದಿಂದ ಹೊರಡದೆ ಪ್ರಶ್ನೆಯಿಂದ ಹೊರಡಬೇಕು. “ಇಪ್ಪತ್ತೊಂದನೆಯ ಶತಮಾನದಲ್ಲಿ ಶಿಕ್ಷಣದ ಸವಾಲುಗಳು” ಎಂಬುದು ವಿಷಯ. ಅದರ ಮೇಲೆ ಯಾರು ಏನು ಹೇಳಿದರೂ ನಡೆಯುವುದು, ಆದ್ದರಿಂದಲೇ ಕೇಳಲು ಏನೂ ಉಳಿಯದು. “ಐದನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಪ್ಪುವುದೇಕೆ?” ಎಂಬುದು ಪ್ರಶ್ನೆ; ಅದಕ್ಕೆ ಉತ್ತರ ಹೇಳುವವನು ಸಿಕ್ಕಿಬೀಳುವನು. ಕರೆಯುವ ಜನ 25ಕ್ಕೆ ಮೀರಬಾರದು. ಇನ್ನೂ ಕೇಳಬಯಸುವವರಿದ್ದರೆ ಅದೇ ಗೋಷ್ಠಿಯನ್ನು ಮತ್ತೊಂದು ವಾರ ಮತ್ತೆ 25 ಜನರಿಗೆ ನಡೆಸಲಿ. ಪ್ರಬಂಧವನ್ನು ಹದಿನೈದು ದಿನ ಮೊದಲೇ, ಹತ್ತು ಪುಟ ಮೀರದಂತೆ, ಕನ್ನಡದಲ್ಲಿ ಕಳುಹಿಸಬೇಕು. ಓದಿದವರು ಒಂದೊಂದು ಪ್ರಶ್ನೆಯನ್ನಾದರೂ ಮೂರು ದಿನ ಮುಂಚೆ ಬರೆದು ಕಳುಹಿಸಬೇಕು; ಪ್ರಶ್ನೆಯೇ ಪ್ರವೇಶಪತ್ರ. ನಿರೂಪಕನೆಂಬವನು ಬರಿದೆ ಸ್ವಾಗತ ಕೋರುವವನಾಗದೆ, ಆ 25 ಪ್ರಶ್ನೆಗಳನ್ನು ಓದಿ, ಒಂದೇ ಬಗೆಯವನ್ನು ಕೂಡಿಸಿ, ತೀಕ್ಷ್ಣವಾದವನ್ನು ಮುಂದಿಟ್ಟು, ಯಾರು ಯಾವಾಗ ಮಾತನಾಡಬೇಕೆಂಬುದನ್ನು ಗೊತ್ತುಮಾಡಿಕೊಂಡಿರಬೇಕು. ಗೋಷ್ಠಿಯ ಶ್ರಮವೆಲ್ಲ ಇಲ್ಲಿರುವುದು. ಇದನ್ನು ಒಲ್ಲದವರು ಚಿತ್ರದ ದೀಪ ಬೆಳಗುವರು. ಎಲ್ಲರೂ ಓದಿ ಬಂದಿರುವುದರಿಂದ ಪ್ರಬಂಧಕಾರನು 20 ನಿಮಿಷಕ್ಕಿಂತ ಹೆಚ್ಚು ಮಾತನಾಡಬೇಕಾಗಿಲ್ಲ. ಒಬ್ಬರಿಗೆ ಪೂರ್ವಪಕ್ಷದ ಹೊಣೆಯನ್ನು ಮುಂಚೆಯೇ ವಹಿಸಿ 10 ನಿಮಿಷ ಕೊಡಬೇಕು. ಉಳಿದ ಒಂದು ಗಂಟೆಯನ್ನು 25 ಮಂದಿಗೆ ಹಂಚಿದರೆ ಒಬ್ಬೊಬ್ಬರಿಗೆ ಎರಡು ನಿಮಿಷಕ್ಕೂ ಮೇಲೆ ಬರುವುದು. ಎರಡು ನಿಮಿಷ ಸಣ್ಣ ಕಾಲವಲ್ಲ, ಕೇಳಬೇಕಾದುದು ಇದ್ದವನಿಗೆ. ಒಟ್ಟು ಒಂದೂವರೆ ಗಂಟೆಯಲ್ಲಿ ಸಭೆ ಮುಗಿಯಬೇಕು. ಪರದೆಯ ಮುಂದೆ ಅದಕ್ಕಿಂತ ಹೆಚ್ಚು ಹೊತ್ತು ಮನಸ್ಸು ನಿಲ್ಲುವುದಿಲ್ಲ. ಬರೆಹದ ಅಂಕಣವನ್ನು ನೋಡಿಕೊಳ್ಳಲೆಂದೇ ಬೇರೊಬ್ಬರು ಕುಳಿತಿರಬೇಕು. ಸಂಪರ್ಕ ಕಡಿದವನು ಸಾಧಾರಣ ದೂರವಾಣಿಯಿಂದ ಕರೆಮಾಡಿ ಮಾತನಾಡಲು ಒಂದು ಸಂಖ್ಯೆಯನ್ನು ಕೊಟ್ಟಿರಬೇಕು. ದೂರದ ತಾಲ್ಲೂಕಿನ ನಾಲ್ಕಾರು ಉಪಾಧ್ಯಾಯರು ಒಂದು ಶಾಲೆಯಲ್ಲಿ ಕೂಡಿ ಒಂದೇ ಯಂತ್ರದ ಮುಂದೆ ಕುಳಿತರೆ ಇನ್ನೂ ಮೇಲು. ಪುಣೆಯ ರೈತರು ಹಾಗೆಯೇ ಮಾಡಿದರು. ತೀರದೆ ಉಳಿದ ಪ್ರಶ್ನೆಗಳಿಗೆ ಪ್ರಬಂಧಕಾರನು ವಾರದೊಳಗೆ ಬರೆದು ಉತ್ತರ ಕೊಡತಕ್ಕದ್ದು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳಲ್ಲಿ ಕೆಲವು ಉತ್ತರಕ್ಕೆ ಅರ್ಹವಲ್ಲ. ಪ್ರಮಾಣಪತ್ರವಿಲ್ಲದಿದ್ದರೆ ಯಾರೂ ಬರುವುದಿಲ್ಲವೆಂದರೆ, ಬಾರದಿರುವವರು ಬಾರದಿರಲಿ. ಬಾಯಿ ಬಿಚ್ಚಿದರೆ ಅಪರಿಚಿತರು ನುಗ್ಗಿ ಗದ್ದಲ ಮಾಡುವರೆಂಬುದು 2020ರಲ್ಲಿ ಕೆಲವೆಡೆ ನಡೆದ ಸಂಗತಿಯೇ. 25 ಜನ ಪರಿಚಿತರ ಕೂಟದಲ್ಲಿ ಅದಕ್ಕೆ ಎಡೆಯಿಲ್ಲ. ಒಂದು ಆಕ್ಷೇಪಣೆ ಮಾತ್ರ ಗಂಭೀರವಾದುದು: ದೊಡ್ಡ ವಿದ್ವಾಂಸರೊಬ್ಬರ ಮಾತನ್ನು 500 ಮಂದಿ ಕೇಳುವ ಅವಕಾಶವಿರಲು ಅದನ್ನು 25 ಜನರಿಗೆ ಕುಗ್ಗಿಸುವುದು ಉಳಿದ ಬಡವರಿಗೆ, ದೂರದವರಿಗೆ ಮಾಡಿದ ಅನ್ಯಾಯವಲ್ಲವೆ? ಇದರಲ್ಲಿ ಸತ್ಯಾಂಶವುಂಟು. ವಿದ್ವಾಂಸರ ಮಾತನ್ನು ಸಾವಿರಾರು ಜನ ಕೇಳಲಿ. 2017ರಲ್ಲಿ ಪ್ರಾರಂಭವಾದ ‘ಸ್ವಯಂ’ ವ್ಯವಸ್ಥೆಯಲ್ಲಿ ಉಪನ್ಯಾಸಗಳನ್ನು ಮುದ್ರಿಸಿಟ್ಟು ಯಾರು ಬೇಕಾದರೂ ಕೇಳುವಂತೆ ಮಾಡಿರುವುದು ಈ ಉದ್ದೇಶದಿಂದಲೇ. ಆದರೆ ಆ ವ್ಯವಸ್ಥೆಯೂ ಉಪನ್ಯಾಸವನ್ನು ನಾಲ್ಕರಲ್ಲಿ ಒಂದು ಭಾಗವೆಂದು ಮಾತ್ರ ಎಣಿಸಿತು. ಓದುವ ಪಾಠ ಒಂದು, ಸ್ವಪರೀಕ್ಷೆ ಒಂದು, ಸಂದೇಹಗಳನ್ನು ಬಗೆಹರಿಸುವ ಚರ್ಚೆಯೊಂದು ಎಂದು ಉಳಿದ ಮೂರನ್ನು ಸೇರಿಸಿತು. ಉಪನ್ಯಾಸವನ್ನು ಮುದ್ರಿಸಿಟ್ಟರೆ ಸಾಕಾಗಿರುವಾಗ 500 ಜನರನ್ನು ಒಂದೇ ಗಳಿಗೆಗೆ ಕಟ್ಟಿಹಾಕುವುದರ ಪ್ರಯೋಜನವೇನು? ಒಂದೇ ಗಳಿಗೆಯಲ್ಲಿ ಕೂಡುವುದಕ್ಕೆ ಇರುವ ಒಂದೇ ಸಮರ್ಥನೆ ಪರಸ್ಪರ ಮಾತು. ಅದಿಲ್ಲದಿದ್ದ ಮೇಲೆ ಗೃಹಿಣಿಯು ಮಧ್ಯಾಹ್ನ ಪಾತ್ರೆ ತೊಳೆದು ಬಂದು, ತನಗೆ ಬಿಡುವಾದಾಗ ಕೇಳಿಕೊಳ್ಳಲಿ. ಆಹ್ವಾನಪತ್ರಿಕೆಯಲ್ಲಿ ಅದನ್ನು ಉಪನ್ಯಾಸವೆಂದೇ ಕರೆಯಲಿ.

ಆಹ್ವಾನಪತ್ರಿಕೆಯ ಮಾತು ಬಂದುದರಿಂದ ಇನ್ನೊಂದು ಸೂಚನೆ. ಈಗಿನ ಪತ್ರಿಕೆಗಳಲ್ಲಿ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಇರುವ ಸಾಲು “ಭಾಗವಹಿಸಿದ ಎಲ್ಲರಿಗೂ ಇ-ಪ್ರಮಾಣಪತ್ರ ನೀಡಲಾಗುವುದು” ಎಂಬುದು. ಆ ಸಾಲನ್ನು ತೆಗೆದು, ಅದೇ ಅಕ್ಷರದಲ್ಲಿ, ಪ್ರಶ್ನೆಗಳನ್ನು ಕಳುಹಿಸಲು ಕಡೆಯ ದಿನಾಂಕವನ್ನು ಅಚ್ಚುಹಾಕಿಸಿದರೆ ಒಂದು ಪೈಸೆಯೂ ಹೆಚ್ಚಾಗಿ ಖರ್ಚಾಗುವುದಿಲ್ಲ.